ಗುಂಗುರು ಸ್ವಂತ ಮನೆ, ನೇರ ಕೂದಲು ಬಾಡಿಗೆ ಮನೆ

ಆರೋಗ್ಯ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೂದಲಿನವು. ಹೊಟ್ಟು, ಉದುರುವುದು ಹಳೆಯ ದೂರುಗಳು. ಹೊಸದೆಂದರೆ, ಗುಂಗುರು ಕೂದಲನ್ನು ಪಾರ್ಲರ್‌ನಲ್ಲಿ ನೇರ ಮಾಡಿಸಬೇಕೆ, ಇದ್ದ ಹಾಗೇ ಬಿಡಬೇಕೆ ಎಂಬ ಪ್ರಶ್ನೆ. ಹೊಸೂರು ಸುತ್ತಮುತ್ತಲಿನ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನಗೆ 24 ವರ್ಷ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಎಂಟು ಗಂಟೆ ತಲೆಗೆ ಕ್ಯಾಪ್ ಹಾಕಿರಬೇಕು. ತೆಗೆದಾಗ ನನ್ನ ಗುಂಗುರು ಕೂದಲು ಗುಬ್ಬಿಗೂಡಿನ ಹಾಗಿರುತ್ತದೆ. ನಾಲ್ಕು ತಿಂಗಳಲ್ಲಿ ಮದುವೆ. ಸೋದರತ್ತೆ ‘ಸ್ಟ್ರೈಟನಿಂಗ್ ಮಾಡಿಸಿಕೊಂಡುಬಿಡು’ ಅನ್ನುತ್ತಾರೆ. ಅಜ್ಜಿ ‘ಇರೋ ಕೂದಲೂ ಹೋಗುತ್ತೆ’ ಅಂತ ಬೈಯುತ್ತಾರೆ. ಒಮ್ಮೆ ಮಾಡಿಸಿದರೆ ಮುಂದೆ ಬೆಳೆಯುವುದೂ ನೇರವಾಗಿಯೇ ಬರುತ್ತದೆಯೆ? ಯಾರ ಮಾತು ಕೇಳಲಿ?
— ಮೂಕಂಡಪಲ್ಲಿ

ಉತ್ತರ: ಮುಂದೆ ಬೆಳೆಯುವುದು ಗುಂಗುರಾಗಿಯೇ ಬರುತ್ತದೆ. ಇದಕ್ಕೆ ಪುರಾವೆ ನಿಮ್ಮ ಮನೆಯಲ್ಲೇ ಸಿಗಬಹುದು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಗುಂಗುರು ಕೂದಲಿನವರು ಯಾರಾದರೂ ಇದ್ದರೆ ನೆನಪಿಸಿಕೊಳ್ಳಿ. ವರ್ಷ ಕಳೆಯುವಷ್ಟರಲ್ಲಿ ಅವರ ತಲೆಯಲ್ಲಿ ಅದೇ ಗುಂಗುರು ಮರಳಿರುತ್ತದೆ. ಕೂದಲು ನೇರವೋ ಗುಂಗುರೋ ಎನ್ನುವುದು ತೀರ್ಮಾನವಾಗುವುದು ಚರ್ಮದ ಒಳಗೆ, ಕೂದಲು ಹುಟ್ಟುವ ಪುಟ್ಟ ಚೀಲದಲ್ಲಿ. ಚೀಲ ನೆಟ್ಟಗಿದ್ದರೆ ಕೂದಲು ನೆಟ್ಟಗೆ, ಚೀಲ ಬಾಗಿದ್ದರೆ ಕೂದಲು ಗುಂಗುರು. ಒರಳಿಗೆ ಹಾಕಿದ ಬಿಲ್ಲೆ ಯಾವುದೋ ಚಕ್ಕುಲಿಯೂ ಆ ಆಕಾರದ್ದೇ. ಪಾರ್ಲರ್‌ನವರು ಕ್ರೀಮ್ ಹಚ್ಚುವುದು ಒರಳಿನಿಂದ ಈಗಾಗಲೇ ಹೊರಬಿದ್ದ ಚಕ್ಕುಲಿಗೆ. ಬಿಲ್ಲೆ ಬದಲಾಗುವುದಿಲ್ಲ.

ಆದ್ದರಿಂದ ಇದನ್ನು ಒಂದು ಸಲದ ಖರ್ಚು ಎಂದು ನೋಡಬೇಡಿ. ಸ್ಟ್ರೈಟನಿಂಗ್ ಬಾಡಿಗೆ ಮನೆಯಂತೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರು ತಿಂಗಳಿಗೆ ಬೈತಲೆಯ ಎರಡೂ ಬದಿ ಆರು ಸೆಂಟಿಮೀಟರ್ ಗುಂಗುರು, ಅದರ ಕೆಳಗೆ ಸೋರೆಕಾಯಿ ಬಳ್ಳಿಯಂತೆ ಇಳಿಬಿದ್ದ ನೇರ ಕೂದಲು. ಎರಡೂ ಒಂದೇ ರೀತಿ ಕಾಣಬೇಕಾದರೆ ಮತ್ತೆ ಬಾಡಿಗೆ ಕಟ್ಟಬೇಕು. ವರ್ಷಕ್ಕೆ ಎರಡು ಸಲವೆಂದರೂ ನಿಮಗೆ 44 ಆಗುವಷ್ಟರಲ್ಲಿ ನಲವತ್ತು ಸಲ. ‘ಒಂದು ಸಲ ಮಾಡಿಸಲೇ’ ಎಂದು ಕೇಳಿಕೊಳ್ಳುವ ಬದಲು ‘ನಲವತ್ತು ಸಲ ಮಾಡಿಸಲೇ’ ಎಂದು ಕೇಳಿಕೊಂಡು ನೋಡಿ. ಉತ್ತರ ಬೇಗ ಹೊಳೆಯುತ್ತದೆ.

ಅಜ್ಜಿಯ ಭಯದಲ್ಲಿ ಅರ್ಧ ಸತ್ಯವಿದೆ. ಕೂದಲು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಎಳೆಗಳನ್ನು ಗಂಧಕದ ಗಂಟುಗಳು ಬಿಗಿದು ಹಿಡಿದಿರುತ್ತವೆ. ನಮ್ಮಲ್ಲಿ ರೀಬಾಂಡಿಂಗ್, ಸ್ಮೂದನಿಂಗ್ ಎನ್ನುವ ಚಿಕಿತ್ಸೆಗಳಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಈ ಗಂಟುಗಳನ್ನು ಬಿಚ್ಚುತ್ತದೆ. ಬಿಸಿ ಇಸ್ತ್ರಿಯಿಂದ ಎಳೆಯನ್ನು ನೇರ ಮಾಡುತ್ತಾರೆ. ಆಮೇಲೆ ಇನ್ನೊಂದು ದ್ರಾವಣ ಹಚ್ಚಿ ಹೊಸ ಆಕಾರದಲ್ಲಿ ಗಂಟು ಹಾಕುತ್ತಾರೆ. ಬಿಚ್ಚಿದ ಗಂಟುಗಳೆಲ್ಲ ಮತ್ತೆ ಬೀಳುವುದಿಲ್ಲ, ಹಾಗಾಗಿ ಪ್ರತಿ ಸಲವೂ ಎಳೆ ಸ್ವಲ್ಪ ಸೋಲುತ್ತದೆ. ಆಫ್ರಿಕಾ ಮೂಲದವರ ಬಿಗಿ ಸುರುಳಿಗೆ ಬಳಸುವ ‘ರಿಲ್ಯಾಕ್ಸರ್’ ಇನ್ನೂ ಖಾರ. ಅದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡದಂಥ ಕ್ಷಾರ ಇರುತ್ತದೆ. ಇವೆರಡನ್ನೂ ಒಂದೇ ಕೂದಲಿನ ಮೇಲೆ ಒಂದಾದ ಮೇಲೊಂದು ಪ್ರಯೋಗಿಸಿದರೆ ಎಳೆ ಕೈಗೇ ಕಿತ್ತು ಬರುತ್ತದೆ. ಬ್ಲೀಚ್ ಮಾಡಿಸಿದ ಕೂದಲಿಗೂ ಇದೇ ಅಪಾಯ. ಹಿಂದೆ ಏನೇನು ಹಚ್ಚಿಸಿಕೊಂಡಿದ್ದೀರಿ, ಕರಿ ಮೆಹಂದಿ ಪುಡಿಯೂ ಸೇರಿ, ಪಾರ್ಲರ್‌ನವರಿಂದ ಮುಚ್ಚಿಡಬೇಡಿ. ಅಜ್ಜಿ ತಪ್ಪಿರುವುದು ಒಂದು ಕಡೆ. ನೆತ್ತಿ ಸುಡದಂತೆ ಮಾಡಿದರೆ ಬೇರಿಗೆ ಏನೂ ಆಗುವುದಿಲ್ಲ. ಕೂದಲು ನಡುವೆ ತುಂಡಾಗುತ್ತದೆ, ಬೇರು ಉಳಿದಿರುತ್ತದೆ.

ಇನ್ನು ಮದುವೆ. ಮುಹೂರ್ತಕ್ಕೆ ಮೊಗ್ಗಿನ ಜಡೆ ಹಾಕಿಸುವುದಾದರೆ ಗುಂಗುರು ಕೂದಲೇ ಅನುಕೂಲ. ಪಿನ್ನು, ಹೂವು, ಜಡೆಬಿಲ್ಲೆ ಜಾರದೆ ನಿಲ್ಲುತ್ತವೆ. ರಿಸೆಪ್ಷನ್‌ಗೆ ನೇರ ಕೂದಲಿನ ಆಸೆಯಿದ್ದರೆ ಆ ಸಂಜೆಗಷ್ಟೇ ಇಸ್ತ್ರಿ ಮಾಡಿಸಿ. ಮರುದಿನ ತಲೆಗೆ ನೀರು ಬಿದ್ದರೆ ಗುಂಗುರು ಮರಳುತ್ತದೆ. ಇಲ್ಲ, ರಾಸಾಯನಿಕ ಚಿಕಿತ್ಸೆಯೇ ಬೇಕೆಂದು ನಿಮ್ಮ ಮನಸ್ಸು ಗಟ್ಟಿಯಾಗಿದ್ದರೆ ಮದುವೆಯ ತಿಂಗಳಲ್ಲಿ ಮಾತ್ರ ಬೇಡ, ಈಗಲೇ ಮಾಡಿಸಿ. ಎರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಲು ಹೇಳಿ. ನೆತ್ತಿಯಲ್ಲಿ ಗಾಯ, ಹೊಟ್ಟು, ತುರಿಕೆ ಇದ್ದರೆ ಅದು ವಾಸಿಯಾಗುವ ತನಕ ಕಾಯಿರಿ. ಸೋದರತ್ತೆ, ಅಜ್ಜಿ ಇಬ್ಬರ ಮಾತನ್ನೂ ಕೇಳಿಸಿಕೊಳ್ಳಿ. ತಲೆ ನಿಮ್ಮದು, ನಲವತ್ತು ಸಲದ ಲೆಕ್ಕ ಹಾಕಬೇಕಾದವರೂ ನೀವೇ.

ಪ್ರಶ್ನೆ: ‘ಕೆರಟಿನ್ ಮಾಡಿಸಿ, ಇದು ಕೆಮಿಕಲ್ ಅಲ್ಲ, ಪ್ರೋಟೀನ್, ಫಾರ್ಮಾಲಿನ್ ಇಲ್ಲವೇ ಇಲ್ಲ’ ಎಂದು ಪಾರ್ಲರ್‌ನವರು ಹೇಳಿದರು. ಮಾಡಿಸುವಾಗ ಎದ್ದ ಹೊಗೆಗೆ ನನಗೂ ಮಾಡುತ್ತಿದ್ದ ಹುಡುಗಿಗೂ ಕಣ್ಣೀರು ಬಂತು. ಇದರಿಂದ ಕಿಡ್ನಿ ಹಾಳಾಗುತ್ತದೆ ಎಂದು ಗೆಳತಿಯರು ಹೆದರಿಸುತ್ತಿದ್ದಾರೆ. ನಿಜವೆ?
— ಬಾಗಲೂರು

ಉತ್ತರ: ಕಣ್ಣೀರು ಬಂದಿದ್ದರೆ ಅಲ್ಲಿದ್ದದ್ದು ಬರೀ ಪ್ರೋಟೀನ್ ಅಲ್ಲ. ಈ ಚಿಕಿತ್ಸೆಗಳು ಎರಡು ಬಗೆ. ಹಳೆಯ ಬಗೆಯದರಲ್ಲಿ ಫಾರ್ಮಾಲ್ಡಿಹೈಡ್, ಅಥವಾ ಇಸ್ತ್ರಿಯ ಕಾವಿಗೆ ಅದನ್ನು ಬಿಡುವ ವಸ್ತು ಇರುತ್ತದೆ. 2018ರಲ್ಲಿ ಚೆನ್ನೈ, ಕೇರಳದ ಮೀನು ಮಾರುಕಟ್ಟೆಗಳಲ್ಲಿ ಫಾರ್ಮಾಲಿನ್ ಗದ್ದಲ ಎದ್ದದ್ದು ನೆನಪಿರಬಹುದು. ಅದೇ ವಸ್ತು ಇದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವರ್ಷಕ್ಕೆ ಎರಡು ಸಲ ಹೋಗುವ ನಿಮಗಿಂತ ದಿನಕ್ಕೆ ಮೂರು ತಲೆ ಮಾಡುವ ಆ ಹುಡುಗಿಯ ಬಗ್ಗೆ ನನಗೆ ಹೆಚ್ಚು ಚಿಂತೆ.

ಹೊಸ ಬಗೆಯವು ಫಾರ್ಮಾಲಿನ್ ಇಲ್ಲ ಎಂದು ಹೇಳಿಕೊಂಡು ಬರುತ್ತವೆ. ನ್ಯಾನೊಪ್ಲಾಸ್ಟಿ, ಹೇರ್ ಬೊಟಾಕ್ಸ್ ಎಂಬ ಹೆಸರಿನ ಹಲವು ಉತ್ಪನ್ನಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಕಿಡ್ನಿಯ ಮಾತು ಬಂದದ್ದು ಇದರಿಂದ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. ಟ್ಯುನೀಷಿಯದ ಸಲೂನೊಂದರಲ್ಲಿ 26 ವರ್ಷದ ಯುವತಿಯೊಬ್ಬಳು 2020, 2021, 2022ರಲ್ಲಿ ಒಂದೊಂದು ಸಲ ಕೂದಲು ನೇರ ಮಾಡಿಸಿಕೊಂಡಳು. ಮೂರು ಸಲವೂ ನೆತ್ತಿ ಉರಿ, ವಾಂತಿ, ಬೆನ್ನುನೋವು, ಜೊತೆಗೆ ಕಿಡ್ನಿಗೆ ಪೆಟ್ಟು. ನೆತ್ತಿಯ ಮೂಲಕ ಒಳಹೋದ ಆಮ್ಲ ಮೈಯೊಳಗೆ ಆಕ್ಸಲೇಟ್ ಆಗಿ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ ಎಂದು ಅವರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಇಸ್ರೇಲಿನ ವೈದ್ಯರೂ ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ಮಾಡಿಸಿದವರಿಗೆಲ್ಲ ಹೀಗಾಗುವುದಿಲ್ಲ, ಇದು ಅಪರೂಪ. ಆದರೆ ಮಾಡಿಸಿದ ಒಂದೆರಡು ದಿನಗಳಲ್ಲಿ ವಾಂತಿ, ಸೊಂಟದ ಮೇಲ್ಭಾಗದ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕೂದಲಿಗೆ ಏನು ಹಚ್ಚಿಸಿದಿರಿ ಎಂಬುದನ್ನೂ ಹೇಳಿ, ರಕ್ತದ ಕ್ರಿಯೇಟಿನಿನ್ ನೋಡಿಸಿ. ಮುಂದಿನ ಸಲ ಹಚ್ಚುವ ಮೊದಲು ಬಾಟಲಿಯ ಹಿಂದಿನ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ಪಟ್ಟಿಯೇ ಇಲ್ಲದ ಬಾಟಲಿಯಾದರೆ ಎದ್ದು ಬನ್ನಿ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ಇದರಿಂದ ದೂರವಿರುವುದೇ ಒಳ್ಳೆಯದು.

ಪ್ರಶ್ನೆ: ನನಗೆ 41. ಎಂಟು ವರ್ಷಗಳಿಂದ ವರ್ಷಕ್ಕೊಮ್ಮೆ ಸ್ಟ್ರೈಟನಿಂಗ್ ಮಾಡಿಸುತ್ತಿದ್ದೇನೆ. ಇದರಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ ಎಂದು ಕೇಳಿದೆ. ರಾತ್ರಿ ನಿದ್ದೆ ಬರುತ್ತಿಲ್ಲ.
— ಮತ್ತಿಗಿರಿ

ಉತ್ತರ: ನೀವು ಕೇಳಿದ ಸುದ್ದಿಯ ಮೂಲ ಅಮೆರಿಕದ ‘ಸಿಸ್ಟರ್ ಸ್ಟಡಿ’. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 33,497 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದರು. ಅವರಲ್ಲಿ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಬಂತು. ಲೆಕ್ಕ ಹೀಗಿದೆ: ಕೂದಲು ನೇರ ಮಾಡಿಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64. ಹಿಂದಿನ ಒಂದು ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಮಾಡಿಸಿದವರಲ್ಲಿ ನೂರಕ್ಕೆ 4.05. ಅಂತರ ಸಣ್ಣದಲ್ಲ. ಆದರೂ ಪದೇ ಪದೇ ಮಾಡಿಸಿದವರಲ್ಲಿಯೂ ನೂರಕ್ಕೆ 96 ಮಂದಿಗೆ ಬರುವುದಿಲ್ಲ ಎಂಬುದನ್ನೂ ಓದಿಕೊಳ್ಳಿ. ಅಲ್ಲಿನವರು ಬಳಸುವ ವಸ್ತು ಬೇರೆ, ಬಳಸುವ ಪರಿಯೂ ಬೇರೆ. ವರ್ಷಕ್ಕೊಮ್ಮೆ ಮಾಡಿಸುವ ನಿಮಗೆ ಆ ಅಂಕಿಯನ್ನು ಹಾಗೇ ಅಂಟಿಸಲಾಗದು.

ಆಗಿದ್ದಕ್ಕೆ ಕೊರಗಬೇಡಿ. ಮುಂದಿನ ಸಲಗಳನ್ನು ಕಡಿಮೆ ಮಾಡಿ, ಸಾಧ್ಯವಾದರೆ ನಿಲ್ಲಿಸಿ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸುವುದು, ಅದಕ್ಕೂ ಮೊದಲು ಮುಟ್ಟಿನ ನಡುವೆ ಹೋಗುವುದು, ಇವನ್ನು ಸ್ಟ್ರೈಟನಿಂಗ್ ಮಾಡಿಸಿರಲಿ ಬಿಡಲಿ, ಯಾವ ಹೆಂಗಸೂ ಕಡೆಗಣಿಸಬಾರದು.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಶಾಲೆಯಲ್ಲಿ ‘ಪೊರಕೆ ತಲೆ’ ಎಂದು ಛೇಡಿಸುತ್ತಾರಂತೆ. ದಿನಾ ಬೆಳಿಗ್ಗೆ ತಲೆ ಬಾಚುವಾಗ ಅವಳು ಅಳುತ್ತಾಳೆ, ನಾನು ಸಿಡುಕುತ್ತೇನೆ. ಮಗುವಿದ್ದಾಗ ಎರಡು ಸಲ ಬೋಳಿಸಿದರೂ ಕೂದಲು ನೇರವಾಗಲಿಲ್ಲ. ಸ್ಮೂದನಿಂಗ್ ಮಾಡಿಸಬಹುದೆ?
— ಡೆಂಕಣಿಕೋಟೆ

ಉತ್ತರ: ಬೇಡಮ್ಮ. ಬೋಳಿಸಿದರೆ ಏಕೆ ನೇರವಾಗಲಿಲ್ಲ ಎನ್ನುವುದಕ್ಕೆ ಮೇಲಿನ ಚಕ್ಕುಲಿ ಬಿಲ್ಲೆ ನೋಡಿ. ಈ ವಯಸ್ಸಿಗೆ ರಾಸಾಯನಿಕ ಚಿಕಿತ್ಸೆ ಬೇಡವೇ ಬೇಡ. ಆದರೆ ಬೆಳಗಿನ ಅಳುವನ್ನು ಇದೇ ವಾರ ನಿಲ್ಲಿಸಬಹುದು.

ಗುಂಗುರು ಕೂದಲನ್ನು ಒಣಗಿದ್ದಾಗ ಬಾಚಬಾರದು. ನೆತ್ತಿಯ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ತುದಿಗೆ ಇಳಿಯುತ್ತದೆ. ಗುಂಗುರಿನ ತಿರುವುಗಳಲ್ಲಿ ಅದು ಇಳಿಯದೆ ಕೂದಲು ಒಣಗಿ ಸಿಕ್ಕಾಗುತ್ತದೆ. ವಾರಕ್ಕೆ ಎರಡು ಸಲ ತಲೆಸ್ನಾನ ಸಾಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಮೈಸೋಪು ಹಚ್ಚಿದರೆ ಬಿಳಿ ಪೊರೆ ಕೂದಲಿಗೆ ಅಂಟಿಕೊಳ್ಳುತ್ತದೆ. ಸೋಪು ಬಿಟ್ಟು ಮೆದು ಶಾಂಪೂ ಬಳಸಿ. ಸೀಗೆಕಾಯಿ ಅಭ್ಯಾಸವಿದ್ದರೆ ನುಣ್ಣಗೆ ಸೋಸಿ, ಕಡಿಮೆ ಹಾಕಿ. ತೊಳೆದ ಮೇಲೆ ಕಂಡೀಷನರ್ ಹಚ್ಚಿ, ಅದು ಕೂದಲಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಬುಡದಿಂದ ತುದಿಗೆ ಎಳೆದರೆ ಎಲ್ಲ ಸಿಕ್ಕೂ ಕೆಳಗೆ ಬಂದು ಒಂದೇ ಗಂಟಾಗುತ್ತದೆ. ಅಳು ಬರುವುದು ಆಗಲೇ. ಟವೆಲ್‌ನಿಂದ ಗಸಗಸ ಉಜ್ಜಬೇಡಿ. ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ಸೋರದಂತೆ ತಡೆಯುತ್ತದೆ, ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲ ಎಂದು 2003ರಲ್ಲಿ ಮುಂಬೈನ ಸಂಶೋಧಕರು ತೋರಿಸಿದರು. ಅವರು ಎಣ್ಣೆ ಕಂಪನಿಯವರೇ ಎಂಬುದು ನಿಜ, ನಮ್ಮ ಅಜ್ಜಿಯರ ಅನುಭವವೂ ಅದನ್ನೇ ಹೇಳುತ್ತದೆ. ರಾತ್ರಿ ಸಡಿಲವಾಗಿ ಜಡೆ ಹೆಣೆದು ಮಲಗಿಸಿ. ಹಳೆ ರೇಷ್ಮೆ ಸೀರೆಯ ತುಂಡಿನಿಂದ ದಿಂಬಿಗೊಂದು ಕವರ್ ಹೊಲಿಸಿದರೆ ಇನ್ನೂ ಒಳ್ಳೆಯದು. ಬಿಗಿಯಾಗಿ ಎಳೆದು ಜಡೆ ಹಾಕುವುದು ಮಾತ್ರ ಬೇಡ. ವರ್ಷಗಟ್ಟಲೆ ಎಳೆದರೆ ಹಣೆಯ ಅಂಚಿನ ಕೂದಲು ಮರಳಿ ಬಾರದಂತೆ ಹೋಗುತ್ತದೆ.

ಛೇಡಿಸುವ ವಿಚಾರವನ್ನು ಟೀಚರಿಗೆ ತಿಳಿಸಿ. ಮನೆಯಲ್ಲಿ ಒಂದು ಬದಲಾವಣೆ ನಿಮ್ಮಿಂದ ಆಗಬೇಕು: ಬಾಚುವಾಗ ‘ಏನು ಕೂದಲೋ ಇದು’ ಎಂದು ಸಿಡುಕಬೇಡಿ. ‘ಪೊರಕೆ ತಲೆ’ ಎನ್ನುವ ಮಾತು ಮಗುವಿಗೆ ನಾಟುವುದು ಅದನ್ನು ಮನೆಯಲ್ಲೂ ಕೇಳಿದಾಗಲೇ.

ಪ್ರಶ್ನೆ: ಮೂರು ವರ್ಷ ಸ್ಟ್ರೈಟನಿಂಗ್ ಮಾಡಿಸಿ ಸಾಕಾಯಿತು. ನನ್ನ ಹಳೆಯ ಗುಂಗುರು ಬೇಕು. ಈಗ ಮೇಲೆ ಗುಂಗುರು, ಕೆಳಗೆ ನೇರ, ನಡುವೆ ತುಂಡಾಗುತ್ತಿದೆ. ತುದಿಗಳಲ್ಲಿ ಬಿಳಿ ಚುಕ್ಕೆ. ಸರಿಮಾಡುವ ಕ್ರೀಮ್ ಇದೆಯೆ?
— ಮೂಕಂಡಪಲ್ಲಿ

ಉತ್ತರ: ಕ್ರೀಮ್ ಇಲ್ಲ, ಕತ್ತರಿ ಇದೆ. ಆ ಬಿಳಿ ಚುಕ್ಕೆಗಳು ಹೇನಿನ ಸೀರಲ್ಲ, ಎಳೆ ಒಡೆದು ಕುಂಚದಂತೆ ಬಿಚ್ಚಿಕೊಂಡ ಜಾಗಗಳು. ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಆದ್ದರಿಂದ ಅದು ತಾನಾಗಿ ವಾಸಿಯಾಗುವುದಿಲ್ಲ. ಸೀರಮ್, ಮಾಸ್ಕ್ ಹಚ್ಚಿದರೆ ಎರಡು ದಿನ ನುಣುಪು ಕಾಣುತ್ತದೆ, ಅಷ್ಟೇ. ಗುಂಗುರೂ ನೇರವೂ ಸೇರುವ ಗೆರೆಯೇ ಅತ್ಯಂತ ದುರ್ಬಲ. ಅಲ್ಲಿ ರಬ್ಬರ್ ಬ್ಯಾಂಡ್ ಬಿಗಿಯಬೇಡಿ, ಇಸ್ತ್ರಿ ಮುಟ್ಟಿಸಬೇಡಿ.

ಧೈರ್ಯವಿದ್ದರೆ ನೇರ ಭಾಗವನ್ನೆಲ್ಲ ಒಮ್ಮೆಗೇ ಕತ್ತರಿಸಿ. ಇಲ್ಲವಾದರೆ ಎರಡು ತಿಂಗಳಿಗೊಮ್ಮೆ ಎರಡು ಬೆರಳಷ್ಟು ಕತ್ತರಿಸುತ್ತಾ ಬನ್ನಿ. ಹೆಗಲುದ್ದದ ಗುಂಗುರು ಬರಲು ಎರಡು ವರ್ಷವೋ ಹೆಚ್ಚೋ ಹಿಡಿಯುತ್ತದೆ, ಏಕೆಂದರೆ ಸುರುಳಿ ಸುತ್ತಿದ ಕೂದಲು ಇರುವುದಕ್ಕಿಂತ ಗಿಡ್ಡ ಕಾಣುತ್ತದೆ. ತುಂಡಾಗುವುದಲ್ಲದೆ ಬುಡದಿಂದಲೇ ಮುಷ್ಟಿ ಮುಷ್ಟಿ ಬರುತ್ತಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಚರ್ಮರೋಗ ತಜ್ಞರನ್ನು ಕಾಣಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಗುಂಗುರಿನವರು ವಾರಕ್ಕೆ ಎರಡೇ ಸಲ ಬಾಚುವುದರಿಂದ ಮೂರ್ನಾಲ್ಕು ದಿನದ್ದು ಒಟ್ಟಿಗೇ ಬಾಚಣಿಗೆಗೆ ಬರುತ್ತದೆ. ಅದನ್ನು ನೋಡಿ ಹೌಹಾರಬೇಡಿ.

ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಗಾರೆ ಕೆಲಸ, ಧೂಳು ಇದ್ದೇ ಇರುತ್ತದೆ. ಕನ್ನಡಿಯ ಮುಂದೆ ಬೇಸರವಾದ ದಿನ ಬೈತಲೆಯ ಹತ್ತಿರ ಬೆರಳಿಟ್ಟು ನೋಡಿ. ಅಲ್ಲಿ ಬರುತ್ತಿರುವ ಸುರುಳಿ ಯಾರ ಕೈಯೂ ತಾಗದ ಹೊಸ ಕೂದಲು.