ಇಂಗ್ಲಿಷ್ ಅಷ್ಟಾಗಿ ಬಾರದವರು ಸ್ವಾಹಿಲಿ ಕಲಿಯಬಹುದೇ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಾರೆ. ಬರುವ ಜೂನ್‌ನಲ್ಲಿ ನಾನೂ ಒಂಬತ್ತು ವರ್ಷದ ಮಗಳೂ ಅಲ್ಲಿಗೆ ಹೋಗುವವರಿದ್ದೇವೆ. ಅಂಗಡಿ, ಬಸ್ಸು ಎಲ್ಲ ಕಡೆ ಸ್ವಾಹಿಲಿಯಂತೆ. ಮೊಬೈಲಿಗೆ ನಾಲ್ಕೈದು ಆ್ಯಪ್ ಹಾಕಿಕೊಂಡೆ; ಎಲ್ಲದರಲ್ಲೂ ಪಾಠ ಇಂಗ್ಲಿಷಿನಲ್ಲೇ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಲ್ಲಿ ಮೂಕಿಯ ಹಾಗೆ ಕೂರಬೇಕಾಗುತ್ತದೋ ಏನೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಸ್ವಾಹಿಲಿ ಕಲಿಯಲು ಇಂಗ್ಲಿಷಿಗಿಂತ ನಿಮ್ಮ ಕನ್ನಡವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಮಾಧಾನಕ್ಕೆಂದು ಹೇಳುತ್ತಿಲ್ಲ. ಅಲ್ಲಿ ಇರುವುದು ಐದೇ ಸ್ವರ, ಬರೆದ ಹಾಗೇ ಓದುತ್ತಾರೆ, ಹೆಚ್ಚುಕಡಿಮೆ ಎಲ್ಲ ಪದಗಳೂ ನಮ್ಮವುಗಳಂತೆ ಸ್ವರದಲ್ಲೇ ಮುಗಿಯುತ್ತವೆ. ಲಿಪಿ ರೋಮನ್. ಆದರೂ ಮೊದಲ ತಿಂಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಉಚ್ಚಾರ ಕೆಡುವುದಿಲ್ಲ.

ನಾಲ್ಕೈದು ಆ್ಯಪ್ ಬೇಡ. ಡ್ಯುಯೊಲಿಂಗೊ ಪದಗಳನ್ನು ರೂಢಿ ಮಾಡಿಸುತ್ತದೆ, ಮಾತಿನ ಧೈರ್ಯ ಕೊಡುವುದು ಕಡಿಮೆ. ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನ ಸ್ವಾಹಿಲಿ ಪಾಠ ನನಗೆ ಹೆಚ್ಚು ಇಷ್ಟ. ಪೂರ್ತಿ ಉಚಿತ, ಬರೀ ಧ್ವನಿ. ಪಾಠ ಹೇಳುವವರು ಇಂಗ್ಲಿಷಿನಲ್ಲೇ ಮಾತಾಡಿದರೂ ನಿಧಾನವಾಗಿ ಹೇಳುತ್ತಾರೆ. ನಿಲ್ಲಿಸಿ ಇನ್ನೊಮ್ಮೆ ಕೇಳಬಹುದು.

ಇಂಗ್ಲಿಷಿನ ಹಂಗೇ ಇಲ್ಲದ ದಾರಿಯೂ ಒಂದಿದೆ, ಅದು ನಮ್ಮ ಬೆಂಗಳೂರಿನದೇ. ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಮಕ್ಕಳ ಚಿತ್ರಕಥೆಗಳು ಕನ್ನಡದಲ್ಲೂ ಇವೆ, ಸ್ವಾಹಿಲಿಯಲ್ಲೂ ಇವೆ. ಭಾಷೆಯ ಪಟ್ಟಿಯಲ್ಲಿ ಅದರ ಹೆಸರು ‘ಕಿಸ್ವಾಹಿಲಿ’ ಎಂದಿರುತ್ತದೆ. ಎರಡೂ ಭಾಷೆಯಲ್ಲಿ ಸಿಗುವ ಒಂದು ಕಥೆ ಹುಡುಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದೇ ಚಿತ್ರ ನೋಡುತ್ತಾ ಸ್ವಾಹಿಲಿಯಲ್ಲಿ ಗಟ್ಟಿಯಾಗಿ ಓದಿ. ನಿಮಗಿಂತ ಮೊದಲು ಅವಳಿಗೇ ಬಾಯಿಪಾಠವಾದೀತು, ಆಗಲಿ ಬಿಡಿ. ಅದು ಮುಗಿದರೆ ಅಂಥದ್ದೇ ಇನ್ನೊಂದು ತಾಣ ಆಫ್ರಿಕನ್ ಸ್ಟೋರಿಬುಕ್‌ನಲ್ಲಿ ಅಲ್ಲಿನ ಮಕ್ಕಳಿಗಾಗಿ ಬರೆದ ಕಥೆಗಳು ಇನ್ನೂ ಬೇಕಾದಷ್ಟಿವೆ.

ವ್ಯಾಕರಣದಲ್ಲಿ ಕಾಡುವುದು ಪದದ ಮುಂದೆ ಬಂದು ಸೇರುವ ಅಕ್ಷರಗಳು. ಪುಸ್ತಕ ‘ಕಿತಾಬು’, ಪುಸ್ತಕಗಳು ‘ವಿತಾಬು’. ಚಿಕ್ಕ ಪುಸ್ತಕ ‘ಕಿತಾಬು ಕಿದೋಗೊ’, ಹಲವಾದರೆ ‘ವಿತಾಬು ವಿದೋಗೊ’. ನಾವು ಕೊನೆಗೆ ಹಚ್ಚುವುದನ್ನು ಅವರು ತಲೆಗೆ ಹಚ್ಚುತ್ತಾರೆ, ಜೊತೆಗಿರುವ ಗುಣವಾಚಕಕ್ಕೂ ಹಚ್ಚುತ್ತಾರೆ. ಇಂಥ ಗುಂಪುಗಳು ಹಲವಿವೆ. ಪಟ್ಟಿ ಮಾಡಿ ಉರು ಹೊಡೆಯಬೇಡಿ. ಹೀಗೆ ಜೋಡಿಯಾಗಿಯೇ ಹೇಳಿಕೊಳ್ಳುತ್ತಿರಿ.

ಮೂಕಿಯಾಗುವ ಭಯದ ಬಗ್ಗೆ ಒಂದು ಮಾತು. ತಾಂಜಾನಿಯಾದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ಅಲ್ಲಿ ಬಹಳ ಜನರಿಗೆ ಸ್ವಾಹಿಲಿ ಮನೆಮಾತಲ್ಲ, ಅವರೂ ಕಲಿತೇ ಆಡುವವರು. ಹಿರಿಯರನ್ನು ಕಂಡರೆ ‘ಶಿಕಾಮೋ’ ಎನ್ನಿ, ಅವರು ‘ಮರಹಾಬ’ ಎನ್ನುತ್ತಾರೆ. ಹಿರಿಯರಿಗೆ ತಗ್ಗಿ ಮಾತಾಡುವ ಮನೆಯಿಂದ ಹೋಗುವ ನಿಮಗೆ ಇದು ಹೊಸದೇನೂ ಅನಿಸದು.

ಯಜಮಾನರನ್ನೂ ಸುಮ್ಮನೆ ಬಿಡಬೇಡಿ. ದಿನಾ ಫೋನ್ ಮಾಡಿದಾಗ ಹತ್ತು ನಿಮಿಷ ಅವರು ಅಲ್ಲಿನ ಕರಿಯಾಕೋ ಮಾರ್ಕೆಟ್ಟಿನ ತರಕಾರಿಯವರು, ನೀವು ಗಿರಾಕಿ. ‘ನ್ಯಾನ್ಯ ಬೇಯ್ ಗಾನಿ?’ ಅಂದರೆ ಟೊಮೆಟೊ ಎಷ್ಟು ಎಂದು. ಅಲ್ಲಿ ಶಿಲಿಂಗಿನ ಲೆಕ್ಕ ಸಾವಿರಗಳಲ್ಲಿ ಓಡುತ್ತದೆ, ಹಾಗಾಗಿ ಹತ್ತರವರೆಗಿನ ಎಣಿಕೆಯ ಜೊತೆಗೇ ಸಾವಿರಕ್ಕೆ ‘ಎಲ್ಫು’ ಎಂಬುದನ್ನೂ ಕಲಿತುಬಿಡಿ. ಚೌಕಾಸಿಯನ್ನೂ ಮಾಡಿ, ಅವರು ಬಿಟ್ಟುಕೊಡದಿದ್ದರೆ ಇನ್ನಷ್ಟು ಮಾಡಿ.

ಗಡಿಯಾರದ ವಿಷಯ ಮಾತ್ರ ಹೊರಡುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಸ್ವಾಹಿಲಿಯಲ್ಲಿ ಹಗಲಿನ ಎಣಿಕೆ ಬೆಳಿಗ್ಗೆ ಆರರಿಂದ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ‘ಸಾ ತಾತು ಅಸುಬುಹಿ’ ಎಂದರೆ ಪದಕ್ಕೆ ಪದ ಬೆಳಗಿನ ಮೂರು, ನಮ್ಮ ಲೆಕ್ಕದಲ್ಲಿ ಒಂಬತ್ತು. ಮಗಳ ಶಾಲೆಯವರೋ ಡಾಕ್ಟರೋ ಸಮಯ ಹೇಳಿದಾಗ ಯಾವ ಲೆಕ್ಕದ್ದು ಎಂದು ಕೇಳಿಯೇ ಬರೆದುಕೊಳ್ಳಿ.