ಕ್ಲೀನರ್ ಸೀಟಿನಿಂದ ಸ್ಟೇರಿಂಗಿಗೆ: ಹೆವಿ ಲೈಸೆನ್ಸಿನ ನೇರ ದಾರಿ

ಲಾರಿ ಚಾಲಕರಲ್ಲಿ ಅನೇಕರು ಕ್ಲೀನರ್ ಆಗಿಯೇ ಈ ಕೆಲಸಕ್ಕೆ ಬಂದವರು. ಡ್ರೈವರಣ್ಣನಿಗೆ ನಿದ್ದೆ ಒತ್ತರಿಸಿ ಬಂದು ಹೆದ್ದಾರಿಯೂ ಖಾಲಿಯಿದ್ದರೆ, "ಸ್ವಲ್ಪ ಹೊತ್ತು ಹಿಡ್ಕೋ ಮಾರಾಯ" ಎಂದು ಸ್ಟೇರಿಂಗ್ ಹುಡುಗನ ಕೈಗೆ ಬರುತ್ತದೆ. ಆ ಹೊತ್ತಿನಲ್ಲಿ ಗಾಡಿ ಯಾರಿಗಾದರೂ ತಾಗಿದರೆ ಮೊದಲು ಕೇಸು ಬೀಳುವುದು ಆ ಹುಡುಗನ ಮೇಲೆ. ಲೈಸೆನ್ಸ್ ಇಲ್ಲದೆ ಓಡಿಸಿದವನಿಗೆ ಮೋಟಾರು ವಾಹನ ಕಾಯ್ದೆ 1988ರ 181ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿ ದಂಡ ಅಥವಾ ಎರಡೂ. ಗಾಡಿ ಕೊಟ್ಟ ಮಾಲೀಕನಿಗೂ 180ನೇ ಕಲಮಿನಲ್ಲಿ ಇಷ್ಟೇ ಶಿಕ್ಷೆಯಿದೆ. ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟು ಅನುಮತಿ ಕೊಡಬಹುದು.

ನೇರ ದಾರಿ ಹೀಗಿದೆ. 18 ತುಂಬಿದ ಮೇಲೆ ಮೊದಲು ಕಾರು, ಜೀಪಿನಂಥ ಲಘು ವಾಹನದ ಲೈಸೆನ್ಸ್. ಅದು ಕೈಯಲ್ಲಿದ್ದು ಕನಿಷ್ಠ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಆಮೇಲಷ್ಟೇ ಸಾರಿಗೆ ವಾಹನದ ಎಲ್‌ಎಲ್‌ಆರ್‌ಗೆ ಅರ್ಜಿ. ಅದಕ್ಕೆ ಸಾರಥಿ ಜಾಲತಾಣವಿದೆ. ನೋಂದಾಯಿತ ವೈದ್ಯರು ಸಹಿ ಹಾಕಿದ ನಮೂನೆ 1ಎ ಪ್ರಮಾಣಪತ್ರ, ಡ್ರೈವಿಂಗ್ ಸ್ಕೂಲು ಕೊಡುವ ನಮೂನೆ 5 ಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲೇ ರದ್ದಾಗಿದೆ. ಓದು ಬರಹ ಕಡಿಮೆ ಎಂಬ ಕಾರಣಕ್ಕೆ ಹಿಂಜರಿದು ಬ್ರೋಕರ್ ಹಿಂದೆ ಬೀಳುವವರು ಈಗಲೂ ಇದ್ದಾರೆ. ಅವರಿಗೆ ಈ ಮಾತು ಮುಟ್ಟಬೇಕು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಭಾರೀ ವಾಹನದ 38 ಗಂಟೆಗಳ ಕೋರ್ಸು ಮುಗಿಸಿ ಪಾಸಾದವರಿಗೆ ಆರ್‌ಟಿಓ ಟೆಸ್ಟಿನಿಂದ ವಿನಾಯಿತಿ ಇದೆ. ಇದು 2021ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮ. ಎಲ್ಲ ಡ್ರೈವಿಂಗ್ ಸ್ಕೂಲುಗಳಿಗೂ ಈ ಮಾನ್ಯತೆ ಇರುವುದಿಲ್ಲ, ಫೀಸು ಕಟ್ಟುವ ಮೊದಲೇ ಮಾನ್ಯತಾ ಪತ್ರ ತೋರಿಸಿ ಎಂದು ಕೇಳಿ.

ಟೆಸ್ಟಿನಲ್ಲಿ ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದವರು ಮಾತ್ರ 60 ದಿನ ಕಾಯಬೇಕು, ಮತ್ತೆ ತರಬೇತಿಯನ್ನೂ ಪಡೆಯಬೇಕು. ಲೈಸೆನ್ಸ್ ಕೊಡುವುದಿಲ್ಲ, ನವೀಕರಿಸುವುದಿಲ್ಲ ಅಥವಾ ಹೊಸ ವರ್ಗ ಸೇರಿಸುವುದಿಲ್ಲ ಎಂದು ಅಧಿಕಾರಿ ಹೇಳಿದರೆ ಬಾಯಿಮಾತು ಸಾಲದು. 17ನೇ ಕಲಮಿನ ಪ್ರಕಾರ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೌಂಟರಿನಲ್ಲಿ "ಆಗಲ್ಲ ಹೋಗಪ್ಪ" ಅನ್ನಿಸಿಕೊಂಡು ಹಿಂದಿರುಗುವವರೇ ಹೆಚ್ಚು. "ಅದನ್ನೇ ಬರೆದುಕೊಡಿ ಸಾರ್" ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ.

ಎಲ್ಲ ಗೂಡ್ಸ್ ಗಾಡಿಗೂ ಪ್ರತ್ಯೇಕ ಸಾರಿಗೆ ಲೈಸೆನ್ಸ್ ಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಬಗೆಹರಿಸಿದೆ. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು. ಹತ್ತು ಚಕ್ರ, ಹನ್ನೆರಡು ಚಕ್ರದ ಗಾಡಿಗೆ ಈ ರಿಯಾಯಿತಿ ಸಲ್ಲುವುದಿಲ್ಲ.

ಸಾರಿಗೆ ಲೈಸೆನ್ಸಿನ ಅವಧಿ ಐದು ವರ್ಷ. ಪೆಟ್ರೋಲು, ಗ್ಯಾಸು, ರಾಸಾಯನಿಕದಂಥ ಅಪಾಯಕಾರಿ ಸರಕಿನ ಗಾಡಿಗಾದರೆ ಮೂರು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು.

ಲೈಸೆನ್ಸ್ ಸಿಕ್ಕ ಮೇಲೆ ಚಾಲಕನನ್ನು ಹೆಚ್ಚು ಕಾಡುವುದು ಓವರ್‌ಲೋಡು. ಲೋಡು ಹಾಕಿಸಿದವರು ಆಫೀಸಿನಲ್ಲಿರುತ್ತಾರೆ, ಚೆಕ್‌ಪೋಸ್ಟಿನಲ್ಲಿ ಕೈಕಟ್ಟಿ ನಿಲ್ಲುವವನು ಚಾಲಕ. ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹೆಚ್ಚಿನ ಸರಕು ಇಳಿಸುವ ತನಕ ಗಾಡಿ ಕದಲುವಂತಿಲ್ಲ. ಆದರೆ 194ನೇ ಕಲಮು ಓಡಿಸಿದವನ ಜೊತೆಗೆ ಓಡಿಸಲು ಹಚ್ಚಿದವನನ್ನೂ, ಬಿಟ್ಟವನನ್ನೂ ಹೊಣೆ ಮಾಡುತ್ತದೆ. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದರೆ ಅದು ಮಾಲೀಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಂತೆ ನಡೆದದ್ದು ಎಂದು ಕೋರ್ಟು ಭಾವಿಸಬಹುದೆಂದು 113ನೇ ಕಲಮು ಹೇಳುತ್ತದೆ. ಆದ್ದರಿಂದ ವೇಬ್ರಿಡ್ಜಿನ ಚೀಟಿಯನ್ನು ಪ್ರತಿ ಟ್ರಿಪ್ಪಿಗೂ ಎತ್ತಿಡಿ. "ಹೆಂಗಾದ್ರೂ ಹೊಡ್ಕೊಂಡ್ ಹೋಗು" ಎಂದು ಓನರ್ ಕಳಿಸಿದ ಮೆಸೇಜನ್ನೂ ಅಳಿಸಬೇಡಿ.

ತಪಾಸಣೆಯಲ್ಲಿ ಡಿಜಿಲಾಕರ್ ಅಥವಾ ಎಂಪರಿವಾಹನದಲ್ಲಿರುವ ದಾಖಲೆ ತೋರಿಸಿದರೆ ಸಾಕು. ಅಧಿಕಾರಿ ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು. ಅದರಲ್ಲಿ ನಮೂದಾದ ದಿನಾಂಕದವರೆಗೆ ಅಥವಾ ಲೈಸೆನ್ಸ್ ವಾಪಸು ಸಿಗುವವರೆಗೆ ಆ ಚೀಟಿಯ ಮೇಲೆ ಗಾಡಿ ಓಡಿಸಬಹುದು. ಚೀಟಿ ಇಲ್ಲದೆ ಲೈಸೆನ್ಸ್ ಬಿಟ್ಟು ಬರಬೇಡಿ.

ಅಪಘಾತವಾದಾಗ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯ. ಜನ ಸೇರಿ ಹೊಡೆಯುತ್ತಾರೆಂಬ ಭಯ ಕಾನೂನಿಗೂ ಗೊತ್ತಿದೆ: ಜನರ ಆಕ್ರೋಶದಿಂದ ಅದು ಸಾಧ್ಯವೇ ಆಗದಿದ್ದರೆ ತಪ್ಪಲ್ಲ ಎಂದು 134ನೇ ಕಲಮಿನಲ್ಲೇ ಬರೆದಿದೆ. ಆದರೆ ಜಾಗ ಬಿಟ್ಟವರು ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ಹಾಗೆ ಠಾಣೆ ಸೇರಿದವನಿಗೂ ತಲೆಮರೆಸಿಕೊಂಡವನಿಗೂ ಕೋರ್ಟಿನಲ್ಲಿ ಬಹಳ ಅಂತರವಿದೆ.

ಕರ್ನಾಟಕದಲ್ಲಿ ಮೋಟಾರು ಸಾರಿಗೆ ಕಾರ್ಮಿಕರಿಗಾಗಿ 2024ರ ಕಾಯ್ದೆಯಡಿ ಸಾಮಾಜಿಕ ಭದ್ರತಾ ಮಂಡಳಿ ಇದೆ. ಚಾಲಕರಷ್ಟೇ ಅಲ್ಲ, ಕ್ಲೀನರ್‌ಗಳೂ ಇದರ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿ. ಹೆವಿ ಲೈಸೆನ್ಸ್ ಬರಲಿ ಎಂದು ಕಾಯಬೇಡಿ.