ಮಕ್ಕಳ ಪ್ರಾಜೆಕ್ಟಿಗೂ ರಶೀದಿ ಬೇಕು



ಇತ್ತೀಚೆಗೆ ನಾವು ಒಂದು ಸಂಘದ ಸಭೆಗೆ ಹೋಗಿದ್ದಾಗ ಸದಸ್ಯೆಯೊಬ್ಬರು ಬೇಸರದಿಂದ ಹೇಳಿದರು: “ಸಿಸ್ಟರ್, ಮಗಳು ಮೂರು ದಿನ ಮೊಬೈಲ್ ಹಿಡ್ಕೊಂಡು ಕೂತು ರಾಗಿ ಬಗ್ಗೆ ಪ್ರಾಜೆಕ್ಟ್ ಬರೆದ್ಲು. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಒಂದು ಪುಟದಲ್ಲಿ 344 ಮಿಲಿಗ್ರಾಂ, ಇನ್ನೊಂದು ಪುಟದಲ್ಲಿ 364. ಎಲ್ಲಿಂದ ತಂದೆ ಅಂತ ಟೀಚರು ಕೇಳಿದ್ರೆ ಉತ್ತರ ಇಲ್ಲ. ಮತ್ತೆ ಬರಿ ಅಂತ ವಾಪಸ್ ಕೊಟ್ಟಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಾನೇನು ಹೇಳಿಕೊಡ್ಲಿ?”

ಅದೇ ಸಹೋದರಿ ಸ್ವಲ್ಪ ಹೊತ್ತಿನ ಮುಂಚೆ ಸಭೆಯಲ್ಲಿ, “ಈ ಇನ್ನೂರು ರೂಪಾಯಿ ಖರ್ಚಿಗೆ ರಶೀದಿ ಎಲ್ಲಿ?” ಎಂದು ಕೇಳಿದ್ದರು. ಟೀಚರು ಕೇಳಿದ್ದೂ ಅದನ್ನೇ ಅಲ್ಲವೇ? ಮೂಲ ಬರೆಯದ ಮಾಹಿತಿ ರಶೀದಿ ಇಲ್ಲದ ಖರ್ಚಿನ ಹಾಗೆ.

ನಿಜ ಹೇಳಬೇಕೆಂದರೆ ಆ ಎರಡು ಅಂಕಿಗಳೂ ಸುಳ್ಳಲ್ಲ. 344 ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಪಟ್ಟಿಯದು. 364 ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯದು. ಮೂಲ ಮತ್ತು ವರ್ಷ ಬರೆದಿಟ್ಟಿದ್ದರೆ ಮಗು ಧೈರ್ಯವಾಗಿ ಉತ್ತರ ಹೇಳುತ್ತಿತ್ತು.

ಇದಕ್ಕೆ ಮೊಬೈಲಿನಲ್ಲೇ ದಾರಿ ಇದೆ. 2013ರಲ್ಲಿ ಬಂದ ಗೂಗಲ್ ಕೀಪ್ ಎಂಬ ಆ್ಯಪ್ ಉಚಿತ. ಅದರಲ್ಲಿ ಕನ್ನಡದಲ್ಲೂ ಚಿಕ್ಕ ಚಿಕ್ಕ ಚೀಟಿ ಬರೆದಿಡಬಹುದು. ಬಳಸುವ ಕ್ರಮ ಹೀಗಿದೆ:

1. ಒಂದು ಚೀಟಿಗೆ ಒಂದೇ ವಿಷಯ. ಬಿತ್ತನೆ ಬೇರೆ, ಕ್ಯಾಲ್ಸಿಯಂ ಬೇರೆ.

2. ಪ್ರತಿ ಚೀಟಿಯ ಕೊನೆಗೆ ‘ರಶೀದಿ’. ಪುಸ್ತಕವಾದರೆ ಹೆಸರು, ಬರೆದವರು, ವರ್ಷ, ಪುಟ. ಇಂಟರ್‌ನೆಟ್ ಆದರೆ ಲಿಂಕ್ ಮತ್ತು ನೋಡಿದ ದಿನಾಂಕ. ಲೈಬ್ರರಿ ಪುಸ್ತಕದ ಪುಟದ ಫೋಟೋವನ್ನೂ ಚೀಟಿಗೆ ಸೇರಿಸಬಹುದು.

3. ಚೀಟಿಗಳಿಗೆ ಲೇಬಲ್ ಹಾಕಬೇಕು: ‘ಬೇಸಾಯ’, ‘ಪೌಷ್ಟಿಕಾಂಶ’, ‘ಅಡುಗೆ’. ನಾವು ಉಳಿತಾಯಕ್ಕೆ, ಸಾಲಕ್ಕೆ ಬೇರೆ ಬೇರೆ ಪುಟ ಇಡುವುದಿಲ್ಲವೇ, ಹಾಗೆ. ಬರೆಯುವಾಗ ಲೇಬಲ್ ಒತ್ತಿದರೆ ಆ ವಿಷಯದ ಚೀಟಿಗಳೆಲ್ಲ ಒಟ್ಟಿಗೆ ಸಿಗುತ್ತವೆ.

4. ಇದ್ದ ಹಾಗೇ ಇಳಿಸಿಕೊಂಡ ವಾಕ್ಯಕ್ಕೆ ಉದ್ಧರಣ ಚಿಹ್ನೆ ಹಾಕಬೇಕು. ಉಳಿದದ್ದು ಮಗುವಿನ ಸ್ವಂತ ಮಾತಿನಲ್ಲಿರಲಿ.

ನೆಟ್ ಇಲ್ಲದಾಗ ಬರೆದ ಚೀಟಿಯೂ ಫೋನಿನಲ್ಲಿ ಉಳಿದು, ನೆಟ್ ಬಂದ ಮೇಲೆ ಗೂಗಲ್ ಖಾತೆಗೆ ಸೇರುತ್ತದೆ. ಆಮೇಲೆ ಫೋನ್ ಕೆಟ್ಟರೂ ಅದೇ ಖಾತೆಯಿಂದ ಬೇರೆ ಫೋನಿನಲ್ಲಿ ತೆರೆಯಬಹುದು. ಪಾಸ್‌ವರ್ಡ್ ಮರೆಯಬಾರದು, ಹೊರಗಿನವರಿಗೆ ಹೇಳಲೂಬಾರದು. ಫೋನ್ ಇಲ್ಲದ ಮನೆಯಲ್ಲಿ ನೋಟ್‌ಬುಕ್ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಅದೇ ಚೀಟಿ. ಕ್ರಮ ಮುಖ್ಯ, ಯಂತ್ರವಲ್ಲ.

ಈಗ ಮಕ್ಕಳು ಎಐಗೆ ಕೇಳಿ ಪೂರ್ತಿ ಪ್ರಾಜೆಕ್ಟ್ ಬರೆಸುವುದೂ ಇದೆ. ಅದು ತಪ್ಪನ್ನೂ ನಂಬುವ ಹಾಗೆ ಹೇಳುತ್ತದೆ. ಅದು ಹೇಳಿದ್ದಕ್ಕೂ ಬೇರೆ ಕಡೆ ರಶೀದಿ ಹುಡುಕಬೇಕು.

ಸಹೋದರಿಯರೇ, ನೀವೂ ಒಂದು ಮೂಲ ಎಂಬುದನ್ನು ಮರೆಯಬೇಡಿ. ಆ ಮನೆಯ ಅಜ್ಜಿಗೆ ರಾಗಿ ಬಿತ್ತುವುದು, ಕಳೆ ತೆಗೆಯುವುದು, ಒಕ್ಕುವುದು ಎಲ್ಲ ಗೊತ್ತಿತ್ತು. ಹುಡುಗಿ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮುಖ್ಯ ವಿಷಯಗಳನ್ನು ಚೀಟಿಗಿಳಿಸಿ, ಕೆಳಗೆ ಅಜ್ಜಿಯ ಹೆಸರು, ಊರು, ದಿನಾಂಕ ಬರೆದಳು. ತಾಯಿ ದಿನಾ ಸಂಜೆ ಪಕ್ಕದಲ್ಲಿ ಕೂತು ಕೇಳಿದ್ದು ಒಂದೇ: “ಇದಕ್ಕೆ ರಶೀದಿ ಎಲ್ಲಿ?” ಈ ಸಲ ಟೀಚರು ಕೇಳಿದಾಗ ಹುಡುಗಿ ಚೀಟಿ ತೋರಿಸಿ ಉತ್ತರ ಹೇಳಿದಳಂತೆ. ಅಜ್ಜಿಯ ಭಾಗವನ್ನು ತರಗತಿಯಲ್ಲಿ ಓದಿಸಿದರಂತೆ.

ನಾಲ್ಕನೇ ಕ್ಲಾಸು ಓದಿದ ತಾಯಿ ಮಾಡಿದ ಸಹಾಯ ಇದು. ಲೆಕ್ಕ ಕೇಳಲು ಸಂಘದಲ್ಲಿ ಕಲಿತಿದ್ದೇವೆ. ಅದನ್ನು ಮನೆಗೂ ಒಯ್ಯೋಣ.

ಸಭೆಯಲ್ಲಿ ಚರ್ಚಿಸಿ:
1. ನಮ್ಮ ಮಕ್ಕಳು ಪ್ರಾಜೆಕ್ಟಿಗೆ ಮಾಹಿತಿ ಎಲ್ಲಿಂದ ತರುತ್ತಾರೆ? ನಾವು ಕೇಳಿದ್ದೇವೆಯೇ?
2. ನಮ್ಮಲ್ಲಿ ಯಾರಿಗೆ ಯಾವ ವಿಷಯ ಚೆನ್ನಾಗಿ ಗೊತ್ತು? ಮಕ್ಕಳನ್ನು ಅವರ ಹತ್ತಿರ ಕಳಿಸಬಹುದೇ?
3. ಫೋನ್ ಬಳಸಲು ಬರುವ ಒಬ್ಬ ಸದಸ್ಯೆ ಮುಂದಿನ ಸಭೆಯಲ್ಲಿ ಚೀಟಿ ಬರೆದು, ಲೇಬಲ್ ಹಾಕಿ ತೋರಿಸಬಹುದೇ?